ಮೂರನೆಯ ಹಾಡಿನ ಅಕ್ಕಿಕಾಳು

ಆ ಹುಡುಗಿಯ ಆಲ್ಬಮ್ಮಿನ ಐನೂರು ಗ್ರಾಮಫೋನ್ ತಟ್ಟೆಗಳನ್ನು ಒತ್ತಿದವನು ನಾನು. ಹಾಡಿದವಳು ಅವಳು. ಬಾರಿಸಿದವರು, ಬರೆದವರು, ಚಿತ್ರ ತೆಗೆದವರು ಬೇರೆ ಬೇರೆ. ತಟ್ಟೆಯ ಕವರಿನ ಹಿಂದೆ ಸಣ್ಣ ಅಕ್ಷರದಲ್ಲಿ ಅವರೆಲ್ಲರ ಹೆಸರಿದೆ. ಸ್ಟುಡಿಯೋದಲ್ಲಿ ಚಹಾ ತಂದುಕೊಟ್ಟವನದೂ ಇದೆ, ನನ್ನದಿಲ್ಲ. ಅದಕ್ಕೆ ನನಗೆ ಬೇಜಾರಿಲ್ಲ. ಆ ಕಪ್ಪು ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಅದರ ಗೀರುಗಳ ಮೇಲೆ ಹೊಳಪು ಒಂದೇ ಸಮನೆ ಹರಿಯುತ್ತದೆ, ಎಲ್ಲಿಯೂ ತಡೆಯುವುದಿಲ್ಲ. ನನ್ನ ಸಹಿ ಅದೇ.

ನಾನು ಓದಿದ್ದು ಆರನೆಯ ಇಯತ್ತೆಯವರೆಗೆ. ವಿಜಯಪುರ ಜಿಲ್ಲೆಯ ನಮ್ಮೂರಿಂದ ಸೋದರಮಾವನ ಬೆನ್ನುಹತ್ತಿ ಮುಂಬೈ ಹತ್ತಿರದ ಕಲ್ಯಾಣಕ್ಕೆ ಬಂದವನು ಮೊದಲು ಲಾರಿಗೆ ಮಾಲು ಏರಿಸಿದೆ, ಆಮೇಲೆ ರಬಾಳೆಯ ಪ್ಲಾಸ್ಟಿಕ್ ಕಾರ್ಖಾನೆಯೊಂದನ್ನು ಸೇರಿದೆ. ಸೇರಿದವನು ಅಲ್ಲಿಯೇ ಉಳಿದೆ. ಡಬ್ಬಿಯ ಮುಚ್ಚಳ, ಬಕೆಟ್ಟಿನ ಮುಚ್ಚಳ, ನೀರಿನ ಬಾಟಲಿಯ ಮುಚ್ಚಳ. ಇಪ್ಪತ್ತು ವರ್ಷಕ್ಕೂ ಮೇಲೆ ಜಗತ್ತಿನ ಬಾಯಿ ಮುಚ್ಚುವ ಸಾಮಾನನ್ನೇ ಮಾಡಿದೆ. ಆ ಮುಚ್ಚಳಗಳ ದುಡಿಮೆಯಲ್ಲಿ ಡೊಂಬಿವಲಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಸ್ವಂತ ಮನೆಯಾಯಿತು, ಮಗಳು ಕಾಲೇಜು ಮುಟ್ಟಿದಳು. ನನ್ನ ಕೈಯಿಂದ ಹೊರಟ ಮಾಲು ಎಂದೂ ವಾಪಸು ಬಂದಿಲ್ಲ. ಈ ಮಾತನ್ನು ನಾನು ಲೋಕಲ್ ಗಾಡಿಯಲ್ಲಿ, ಲಗ್ನದ ಮನೆಯಲ್ಲಿ, ಎಲ್ಲಿ ಜಾಗ ಸಿಕ್ಕರೂ ಹೇಳುತ್ತಿದ್ದೆ.

ನಮ್ಮ ಮಾಲೀಕರು ಉಡುಪಿ ಕಡೆಯವರು. ಅವರ ತಂದೆ ಠಾಣೆ ಪಟ್ಟಣದ ಒಂದು ನಾಕಾದಲ್ಲಿ ಹೋಟೆಲು ನಡೆಸಿದವರು. ಹೋಟೆಲಿನ ಗಲ್ಲಾದ ಹಿಂದೆ ಸದಾ ಒಂದು ರೆಕಾರ್ಡ್ ತಿರುಗುತ್ತಿತ್ತಂತೆ. ಆ ನೆನಪಿನ ಹುಚ್ಚೋ ಏನೋ, ಎಲ್ಲರೂ ಮೊಬೈಲಿನಲ್ಲಿ ಹಾಡು ಕೇಳುತ್ತಿರುವ ಈ ಕಾಲದಲ್ಲಿ ಅವರು ತಟ್ಟೆ ಒತ್ತುವ ಒಂದು ಹಳೆಯ ಪ್ರೆಸ್ ಕೊಂಡು ತಂದರು. ಕ್ರೇನಿನಿಂದ ಇಳಿಸುವಾಗ ಅಕ್ಕಪಕ್ಕದ ಕಾರ್ಖಾನೆಯವರೆಲ್ಲ ನಿಂತು ನೋಡಿ ನಕ್ಕರು. ಮಾಲೀಕರು ನನ್ನನ್ನು ಕರೆದು ಹೇಳಿದರು:

"ನೋಡು ಮಾರಾಯ, ಇದನ್ನು ನಡೆಸುವವ ನೀನೇ. ಒಂದು ವರ್ಷ ನೋಡುವ. ಆಗದಿದ್ರೆ ಗುಜರಿಗೆ ಹಾಕುದು, ಪುನಃ ಮುಚ್ಚಳ."

ನಾನು ಕಲಿತೆ. ಹೇಳಿಕೊಡಲು ಬಂದವನು ನಾಲ್ಕು ದಿನ ಇದ್ದು ಹೋದ, ಉಳಿದದ್ದನ್ನು ಪ್ರೆಸ್ಸೇ ಕಲಿಸಿತು. ಹಾಡಿನ ಗೀರುಗಳಿರುವ ನಿಕ್ಕಲ್ಲಿನ ಎರಡು ದುಂಡು ತಗಡುಗಳು ಹೊರಗಿನಿಂದ ಬರುತ್ತವೆ, ಹಾಳೆಯಂತೆ ತೆಳ್ಳಗೆ. ಒಂದನ್ನು ಅಚ್ಚಿನ ಮೇಲ್ದವಡೆಗೆ ಕೂರಿಸಬೇಕು, ಇನ್ನೊಂದನ್ನು ಕೆಳದವಡೆಗೆ. ಪ್ಲಾಸ್ಟಿಕ್ಕಿನ ಕಾಳು ಕರಗಿ ಬಿಸಿ ಉಂಡೆಯಾಗಿ ಬರುತ್ತದೆ. ಅದರ ಕೆಳಗೊಂದು ಮೇಲೊಂದು ಲೇಬಲ್ ಇಟ್ಟು ಬಾಯಿ ಮುಚ್ಚಿದರೆ ಉಗಿ ಬರುತ್ತದೆ, ಒತ್ತಡ ಬರುತ್ತದೆ, ತಣ್ಣೀರು ಹರಿಯುತ್ತದೆ. ಬಾಯಿ ತೆರೆದಾಗ ಒಳಗೆ ತಟ್ಟೆ. ಅಂಚಿನ ಹೆಚ್ಚುವರಿ ಪ್ಲಾಸ್ಟಿಕ್ ಕತ್ತರಿಸಿದರೆ ಮುಗಿಯಿತು. ಮೊದಲ ತಟ್ಟೆ ಹಾಡಿದ ದಿನ ನಾನು ಊಟ ಮಾಡಿರಲಿಲ್ಲ, ನೆನಪೂ ಆಗಲಿಲ್ಲ.

ಸಣ್ಣಪುಟ್ಟ ಕೆಲಸ ಬಂದವು: ಭಜನೆ, ಒಬ್ಬರ ಸಿತಾರು. ಅದರಿಂದ ಪ್ರೆಸ್ಸಿನ ಉಗಿಯ ಖರ್ಚೂ ಹುಟ್ಟುವಂತಿರಲಿಲ್ಲ. ಮಾಲೀಕರು ಮುಚ್ಚಳದ ಮಾತು ಮತ್ತೆ ಎತ್ತತೊಡಗಿದ್ದರು. ಅಷ್ಟರಲ್ಲಿ ಆ ಹುಡುಗಿ ಬಂದಳು.

ಸಾನಪಾಡಾದಲ್ಲಿ ಮನೆ. ಅಪ್ಪ ಅಮ್ಮ ದಕ್ಷಿಣ ಕನ್ನಡದವರು. ಅವಳು ಹುಟ್ಟಿದ್ದು ಬೆಳೆದದ್ದು ಇಲ್ಲಿ. ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಹಿಂದಿ. ಗಿಟಾರು ಹಿಡಿದು ಹಿಂದಿ, ಮರಾಠಿ ಹಾಡುಗಳನ್ನು ತಾನೇ ಕಟ್ಟಿ ಹಾಡುವವಳು. ಸಂಜೆ ಮನೆಯಲ್ಲಿ ಅವಳ ಹೆಸರು ಹೇಳಿದ್ದೇ ನನ್ನ ಮಗಳು ಕೈಯಲ್ಲಿದ್ದ ಮೊಬೈಲು ಕೆಳಗಿಟ್ಟಳು. ಅದು ನಮ್ಮ ಮನೆಯಲ್ಲಿ ಅಪರೂಪ.

"ಬಾಬಾ, ಖರಂಚ?" ಎಂದಳು. ನಿಜವಾ ಅಂತ. "ತೀ ತುಮಚ್ಯಾಕಡೇ ಆಲೀ ಹೋತೀ?"

"ನನ್ನ ಹಂತೇಕ ಬಂದಿದ್ಲು. ನನಗ ಕಾಕಾ ಅಂದ್ಲು," ಎಂದೆ.

ಅವಳದು ಹತ್ತು ಹಾಡಿನ ಮೊದಲ ಆಲ್ಬಮ್. ದೀಪಾವಳಿಯ ಮೊದಲ ದಿನ ನಸುಕಿನಲ್ಲಿ ಠಾಣೆಯ ಕೆರೆಯ ದಂಡೆಯಲ್ಲಿ ಹಾಡಿನ ಕಾರ್ಯಕ್ರಮ ಇರುತ್ತದೆ. ದಿವಾಳಿ ಪಹಾಟ್ ಅನ್ನುತ್ತಾರೆ. ಜನ ಅಭ್ಯಂಗ ಮುಗಿಸಿ ಹೊಸ ಬಟ್ಟೆಯಲ್ಲಿ ಸೀದಾ ಅಲ್ಲಿಗೆ ಬರುತ್ತಾರೆ. ಆ ಬೆಳಿಗ್ಗೆ ಅವಳು ಹಾಡಬೇಕು, ಪಕ್ಕದಲ್ಲಿ ಮೇಜು ಹಾಕಿ ತಟ್ಟೆ ಮಾರಬೇಕು. ದೊಡ್ಡ ಕಂಪನಿಗಳ ಯಾರೂ ಅವಳ ಬೆನ್ನಿಗಿರಲಿಲ್ಲ. ಆ ಒಂದು ಬೆಳಿಗ್ಗೆ ತಪ್ಪಿದರೆ ತಟ್ಟೆಗಳು ಅವಳ ಮಂಚದ ಕೆಳಗೇ ಗತಿ ಎಂದು ಅವಳೇ ನಗುತ್ತ ಹೇಳಿದಳು. ಅವಳು ಹೋದ ಮೇಲೆ ಮಾಲೀಕರು ನಗಲಿಲ್ಲ.

"ಇದು ಸರಿಯಾದ್ರೆ ಪ್ರೆಸ್ ಉಂಟು. ಇಲ್ಲದಿದ್ರೆ ಇಲ್ಲ," ಎಂದರು.

ಮಾದರಿಗೆಂದು ನಾಲ್ಕು ತಟ್ಟೆ ಒತ್ತಿದೆ. ಅವಳು ಬಂದು ಎರಡೂ ಬದಿ ಪೂರ್ತಿ ಕೇಳಿ, ಹೆಬ್ಬೆರಳು ಎತ್ತಿ ಹೋದಳು. ಮರುದಿನ ಖಂಡೇನವಮಿ, ಅಂದರೆ ಆಯುಧಪೂಜೆ, ಅದರ ಮರುದಿನ ದಸರಾ.

ಈಗ ನನ್ನ ಪದ್ಧತಿ ಹೇಳಬೇಕು. ನನಗೆ ಮುಚ್ಚಳದ ಕೆಲಸ ಕಲಿಸಿದ ಮಿಸ್ತ್ರಿ ಖಂಡೇನವಮಿಯ ದಿನ ಮಿಷನ್ನಿನ ಹೊರಮೈಗೆ ಕುಂಕುಮ ಹಚ್ಚಿ ಸುಮ್ಮನಾಗುತ್ತಿರಲಿಲ್ಲ. ಮಿಷನ್ನು ದುಡಿಯುವುದು ಬಾಯಿಯಿಂದ, ಅದಕ್ಕೆ ಬಾಯಿಯಲ್ಲಿಯೇ ಕೊಡಬೇಕು ಅನ್ನುತ್ತಿದ್ದ. ಅಚ್ಚು ತೆರೆದು, ಒಳಗೆ ಕುಂಕುಮ ಹಚ್ಚಿ, ನಾಲ್ಕು ಕಾಳು ಅಕ್ಷತೆ ಹಾಕಿ ಕೈಮುಗಿಯುತ್ತಿದ್ದ. ನಾನೂ ಅಷ್ಟು ವರ್ಷ ಹಾಗೆಯೇ ಮಾಡಿದವನು. ಮುಚ್ಚಳದ ಕೆಲಸದಲ್ಲಿ ಅದರಿಂದ ಏನೂ ಆಗುವುದಿಲ್ಲ. ಮೊದಲ ಹತ್ತು ಮುಚ್ಚಳಕ್ಕೆ ಕೆಂಪು ಕಲೆ ಬರುತ್ತದೆ, ಎಸೆದರಾಯಿತು. ತಟ್ಟೆಯ ಪ್ರೆಸ್ಸಿಗೆ ಅದು ಮೊದಲ ಖಂಡೇನವಮಿ. ಅದಕ್ಕೆ ಮಾತ್ರ ಕಡಿಮೆ ಏಕೆ ಮಾಡಲಿ? ತಗಡುಗಳನ್ನು ಬಿಚ್ಚಿ ತೆಗೆದೆ, ಎರಡೂ ದವಡೆಗೆ ಕುಂಕುಮ ಹಚ್ಚಿದೆ, ಅಕ್ಷತೆ ಹಾಕಿದೆ, ಅಂಚಿಗೆ ಚೆಂಡುಹೂವಿನ ಮಾಲೆ. ದಸರಾ ರಜೆ ಮುಗಿದ ಮೇಲೆ ಒರೆಸಿ, ತಗಡು ಮತ್ತೆ ಕೂರಿಸಿ ಕೆಲಸ ಶುರು ಮಾಡಿದೆ.

ಒಂದು ಕೆಲಸ ಕೈಗೆತ್ತಿಕೊಂಡರೆ ಮೊದಲ ದಿನವೇ ಒಂದು ತಟ್ಟೆಯನ್ನು ಆದಿಯಿಂದ ಅಂತ್ಯದವರೆಗೆ ಕೇಳುವುದು ನನ್ನ ನಿಯಮ. ಈ ಸಲ ಮಾದರಿ ಪಾಸಾಗಿತ್ತು, ದಿನ ಕಡಿಮೆ ಇದ್ದವು. ಮೊದಲ ಹಾಡಿನ ನಾಲ್ಕು ಸಾಲು ಕೇಳಿ ಮುಂದುವರಿದೆ. ಮೂರನೆಯ ದಿನ ಮಧ್ಯಾಹ್ನ ನಾನೂರರ ಹತ್ತಿರ ಬಂದಾಗ, ರೊಟ್ಟಿ ಬಿಚ್ಚಿಕೊಂಡು ಕೂತು ಒಂದು ತಟ್ಟೆ ಹಚ್ಚಿದೆ.

ಮೂರನೆಯ ಹಾಡಿನಲ್ಲಿ ಒಂದು ಜಾಗವಿದೆ. ವಾದ್ಯವೆಲ್ಲ ನಿಂತುಬಿಡುತ್ತದೆ. ಅವಳೂ ಹಾಡುವುದಿಲ್ಲ. ಸುಮ್ಮನೆ ಖಾಲಿ. ಕೇಳುವವನಿಗೆ ಹಾಡು ಮುಗಿಯಿತೇನೋ ಅನ್ನಿಸಬೇಕು, ಆಗ ಅವಳ ದನಿಯೊಂದೇ ಮೆಲ್ಲಗೆ ಏಳುತ್ತದೆ. ಆ ಖಾಲಿಯಲ್ಲಿ ನನಗೆ ಕೇಳಿದ್ದು: ಟಕ್. ಸ್ವಲ್ಪ ಬಿಟ್ಟು, ಟಕ್. ತಟ್ಟೆ ಒಂದು ಸುತ್ತು ಬಂದಾಗೊಮ್ಮೆ ಒಂದು ಟಕ್. ಐದೋ ಆರೋ ಸಲ.

ಧೂಳು ಅಂದುಕೊಂಡು ಒರೆಸಿದೆ. ಟಕ್. ಬೇರೆ ತಟ್ಟೆ ಹಚ್ಚಿದೆ, ಅದೇ ಜಾಗದಲ್ಲಿ ಟಕ್. ಕೆಳಗಿನ ಪೆಟ್ಟಿಗೆಯಿಂದ ಮೊದಲ ದಿನದ್ದನ್ನು ಎಳೆದು ಹಚ್ಚಿದೆ. ಅದರಲ್ಲೂ ಟಕ್. ಬೆಳಕಿಗೆ ಹಿಡಿದು ನೋಡಿದರೆ ಹೊಳಪು ಹರಿಯುತ್ತ ಹರಿಯುತ್ತ ಒಂದು ಕಡೆ ಮುಗ್ಗರಿಸುತ್ತಿತ್ತು. ರವೆಯ ಕಾಳಿನಷ್ಟು ತಗ್ಗು.

ಪ್ರೆಸ್ ನಿಲ್ಲಿಸಿ ತಗಡು ಬಿಚ್ಚಿದೆ. ಅದರ ಬೆನ್ನಿಗೆ ಒಂದು ಅಕ್ಕಿಕಾಳಿನ ತುದಿ ಅಂಟಿಕೊಂಡಿತ್ತು. ಒತ್ತಡಕ್ಕೆ ಚಪ್ಪಟೆಯಾಗಿ, ಕುಂಕುಮ ಮೆತ್ತಿಕೊಂಡು ಕೆಂಪಗೆ. ಮುಚ್ಚಳಕ್ಕಾದರೆ ಬರೇ ಕಲೆ. ಹಾಳೆಯಂಥ ತಗಡಿನ ಹಿಂದೆ ಆ ಚೂರು ಸೇರಿದರೆ ಮುಂದೆ ಅದು ಗುಡ್ಡ. ಹಾಕಿದ್ದು ನನ್ನದೇ ಕೈ.

ಸುತ್ತ ಯಾರೂ ನೋಡುತ್ತಿರಲಿಲ್ಲ, ಎಲ್ಲರೂ ಊಟದಲ್ಲಿದ್ದರು. ಉಗುರಿನಿಂದ ಕೆರೆದು ಊದಿಬಿಟ್ಟಿದ್ದರೆ ಮುಗಿಯುತ್ತಿತ್ತು. ತಗಡೇ ಹಾಗೆ ಬಂದಿತ್ತು ಎಂದರೆ ನಂಬುವವರಿದ್ದರು. ಇಪ್ಪತ್ತು ವರ್ಷದ ನನ್ನ ಮಾತಿಗೆ ಅಷ್ಟು ಬೆಲೆಯಿತ್ತು. ಆ ವಿಚಾರ ನನ್ನ ತಲೆಗೆ ಬಂದದ್ದು ನಿಜ, ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಬೆಲೆಯಿರುವುದು ಮಾತಿಗೆ ತಾನೇ. ಅದನ್ನೇ ಖರ್ಚು ಮಾಡಿದರೆ ನನ್ನ ಹತ್ತಿರ ಇನ್ನೇನು ಉಳಿಯಿತು? ರೊಟ್ಟಿ ಕಟ್ಟಿದ್ದ ಕಾಗದದ ತುಂಡಿನಲ್ಲಿ ಆ ಕಾಳನ್ನು ಮಡಚಿಕೊಂಡು ಮಾಲೀಕರ ಕ್ಯಾಬಿನ್ನಿಗೆ ಹೋದೆ.

ಅವರು ಕನ್ನಡಕ ಏರಿಸಿ ಕಾಗದ ನೋಡಿದರು.

"ಎಂತ ಇದು?"

"ಅಕ್ಷತಾರೀ ಶೇಟ್. ಪೂಜಾ ಮಾಡೂವಾಗ ಅಚ್ಚಿನ ಬಾಯಾಗ ಹಾಕಿದ್ದೆ. ಒರಸಿದ್ದು ಸಾಲಿಲ್ಲ. ಇಲ್ಲೀತನ ಒತ್ತಿದ್ದೆಲ್ಲಾ ಕೆಟ್ಟೈತಿ."

ಅವರು ಕಾಗದವನ್ನು ನನ್ನ ಕಡೆ ಸರಿಸಿದರು. ಆಮೇಲೆ, "ಒಳಗೆ ಎಂತಕ್ಕೆ ಹಾಕ್ಲಿಕ್ಕೆ ಹೋದದ್ದು ನೀನು? ದೇವರಿಗೆ ಹೊರಗಿಂದ ಕಾಣುದಿಲ್ವಾ?" ಎಂದರು. ಎದ್ದು ಬಂದು ಆ ಹಾಡು ಕೇಳಿದರು, ಮತ್ತೊಮ್ಮೆ ಕೇಳಿದರು.

"ಯಾರಿಗೆ ಗೊತ್ತಾಗ್ತದೆ ಮಾರಾಯ ಇದು? ಅರ್ಧ ಜನ ತೆಗೊಳ್ಳುದೇ ಗೋಡೆಗೆ ನೇತುಹಾಕ್ಲಿಕ್ಕೆ. ಕಳಿಸಿಬಿಡುವ."

"ಗೋಡೆಗೆ ಹಾಕವ್ರು ಹಾಕ್ಕೊಳ್ಳಲಿರಿ. ಒಬ್ಬಾಂವ ಹಚ್ಚಿ ಕೇಳತಾನಲ್ಲ, ಅವನ ಮನ್ಯಾಗ ಟಕ್ ಅನ್ನಬಾರದು. ನಾ ಕಳಸಂಗಿಲ್ಲ."

"ನೀನು ಕಳಿಸುದಿಲ್ಲ? ಫ್ಯಾಕ್ಟರಿ ಯಾರದ್ದು?"

"ಫ್ಯಾಕ್ಟರಿ ನಿಮ್ಮದರಿ. ತಪ್ಪು ನಂದು. ಆ ಹುಡುಗಿಗೆ ಫೋನ್ ಹಚ್ಚಿಕೊಡ್ರಿ, ನಾನs ಹೇಳತೀನಿ."

ಮಾಲೀಕರು ಫೋನ್ ಹಚ್ಚಿಕೊಟ್ಟರು. ಸಾನಪಾಡಾದಿಂದ ರಬಾಳೆಗೆ ಎಷ್ಟು ಹೊತ್ತಿನ ದಾರಿ? ಸಂಜೆಯೊಳಗೆ ಅವಳು ಬಂದಳು. ಕಿವಿಗೆ ಹೆಡ್‌ಫೋನ್ ಏರಿಸಿ ಮೂರನೆಯ ಹಾಡು ಕೇಳಿದಳು. ಟಕ್ ಬರುವ ಹೊತ್ತಿಗೆ ಅವಳ ಕಣ್ಣು ನನ್ನ ಕಡೆ ತಿರುಗಿತು. ಆ ನೋಟ ಬೈಗುಳಕ್ಕಿಂತ ಕಡಿಮೆಯದೇನಲ್ಲ.

"ಕಾಕಾ, ಇಧರ್ ಮೈನೇ ಸಾಂಸ್ ಭೀ ರೋಕ್ ಕೇ ರಖೀ ಹೈ," ಎಂದಳು. ಇಲ್ಲಿ ನಾನು ಉಸಿರನ್ನೂ ಹಿಡಿದಿದ್ದೇನೆ ಅಂತ.

"ಗೊತ್ತೈತಿ ಅವ್ವಾ. ಅದಕ್ಕs ನನಗ ಕೇಳ್ಸಿದ್ದು."

ಕಾಗದ ಬಿಚ್ಚಿ ಕಾಳು ತೋರಿಸಿದೆ, ಅದು ಎಲ್ಲಿಂದ ಬಂತೆಂದೂ ಹೇಳಿದೆ. ಅವಳು ಬಗ್ಗಿ ಅದನ್ನು ನೋಡಿದಳು. ಆಮೇಲೆ ಮೊದಲ ಸಲ ನನ್ನ ಹತ್ತಿರ ಕನ್ನಡದಲ್ಲಿ, ತಡವರಿಸುತ್ತ ಮಾತಾಡಿದಳು: "ನನ್ನ ಅಜ್ಜಿ ಸಹ ಹಾರ್ಮೋನಿಯಮ್‌ಗೆ ಹಾಕ್ತಿದ್ರು. ಮೇಲೆ, ಕಾಕಾ. ಒಳಗೆ ಅಲ್ಲ."

ಮಾಲೀಕರು ಕೆಮ್ಮಿದಂತೆ ಮಾಡಿ ಮುಖ ತಿರುಗಿಸಿದರು.

"ದಿವಾಲೀ ಪಹಾಟ್ ತಕ್ ಹೋಗಾ?" ಎಂದಳು, ಅಷ್ಟರೊಳಗೆ ಆಗುತ್ತದಾ ಅಂತ.

ಆಗ ಹಾಂ ಅನ್ನುವುದು ಸುಲಭವಾಗಿರಲಿಲ್ಲ. ಹೊಸ ತಗಡು ತರಿಸಿದರೆ ದೀಪಾವಳಿ ದಾಟುತ್ತಿತ್ತು. ಇದೇ ತಗಡು ನೆಟ್ಟಗಾಗಬೇಕು. "ನಾಳೆ ಹೊತ್ತ ಮುಳುಗೂದ್ರಾಗ ಹೇಳತೀನಿ," ಎಂದೆ.

ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಮಿಷನ್ನಿಗೆ ಅಕ್ಕಿ ತಿನಿಸಿದ ಮೊದಲ್ನೇ ಮನಷ್ಯಾ ನೀವs ಇರಬೇಕು. ಇಪ್ಪತ್ತ ವರ್ಷ ಆತು, ಒಂದ ಮಾಲು ವಾಪಸ್ ಬಂದಿಲ್ಲ ಅಂತ ಊರೆಲ್ಲಾ ಸಾರಕೋತ ಬಂದ್ರಿ."

"ಇದೂ ವಾಪಸ್ ಬಂದಿಲ್ಲ. ಹೊರಗ ಹೋಗೇ ಇಲ್ಲ," ಎಂದೆ.

"ಆ ಮಾತಿಗೇನ್ ಕಡಿಮಿಲ್ಲ," ಎಂದವಳು ಊಟಕ್ಕೆ ಕೂತಾಗ ನನ್ನ ತಾಟಿಗೆ ಎರಡು ರೊಟ್ಟಿ ಹೆಚ್ಚು ಹಾಕಿದಳು.

ಮರುದಿನ ಅಚ್ಚಿನ ಎರಡೂ ದವಡೆಗಳನ್ನು ಮುಖ ಕಾಣುವ ಹಾಗೆ ಉಜ್ಜಿದೆ. ತಗಡಿನ ಬೆನ್ನನ್ನು ಮೆತ್ತನೆಯ ಬಟ್ಟೆಯಿಂದ, ನನ್ನ ಮಗಳು ಎಳೆಗೂಸಾಗಿದ್ದಾಗ ಅವಳ ಕಿವಿ ಒರೆಸುತ್ತಿದ್ದಷ್ಟು ಮೆಲ್ಲಗೆ ಒರೆಸಿದೆ. ನನ್ನ ಲೆಕ್ಕ ಇಷ್ಟೇ: ಹಿಂದೆ ಕಾಳಿದ್ದಾಗ ಒತ್ತಡ ಈ ತಗಡನ್ನು ಉಬ್ಬಿಸಿತು. ಹಿಂದೆ ಏನೂ ಇಲ್ಲದಿದ್ದರೆ ಅದೇ ಒತ್ತಡ ಅದನ್ನು ಹಿಂದಕ್ಕೆ ದೂಡಬೇಕು. ಪುಸ್ತಕದಲ್ಲಿ ಹೀಗಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಮೊದಲ ತಟ್ಟೆಯಲ್ಲಿ ಟಕ್ ಇತ್ತು. ನಾಲ್ಕನೆಯದರಲ್ಲಿ ಬಾಗಿಲಾಚೆ ಯಾರೋ ಬೆರಳಿನಿಂದ ತಟ್ಟಿದಷ್ಟು. ಒಂಬತ್ತನೆಯದರಲ್ಲಿ ನನಗೆ ಮಾತ್ರ ಕೇಳುವಷ್ಟು. ಹನ್ನೆರಡನೆಯದನ್ನು ಹಚ್ಚಿ ಮಾಲೀಕರನ್ನು ಕರೆದೆ. ಆ ಖಾಲಿ ಜಾಗ ಬಂತು, ಹೋಯಿತು. ಅವಳ ದನಿ ಎದ್ದಿತು. ಮಾಲೀಕರು ಲೇಬಲ್ ಅಚ್ಚು ಹಾಕುವವನಿಗೆ ಫೋನ್ ಮಾಡಿದರು: "ಪುನಃ ಐನೂರು ಬೇಕು. ಹೌದು, ಅದೇ. ಯಾಕೆ ಅಂತ ಕೇಳ್ಬೇಡ."

ಹಳೆಯ ನಾನೂರು ತಟ್ಟೆಗಳ ನಡುವಿನ ಲೇಬಲನ್ನು ನಾನೇ ಕತ್ತರಿಸಿ ತೆಗೆದು, ಉಳಿದದ್ದನ್ನು ಪುಡಿ ಮಾಡುವ ಯಂತ್ರಕ್ಕೆ ಹಾಕಿದೆ. ಆ ಕೆಲಸವನ್ನು ಬೇರೆಯವರಿಗೆ ಬಿಡಲಿಲ್ಲ. ಹೊಸ ಲೇಬಲ್ ಬರಲು ವಾರ ಹಿಡಿಯಿತು. ಆಮೇಲಿನ ದಿನಗಳಲ್ಲಿ ಡೊಂಬಿವಲಿಯಿಂದ ಬೆಳಗಿನ ಮೊದಲ ಗಾಡಿಗಳಲ್ಲಿ ಒಂದನ್ನು ಹಿಡಿದು, ಠಾಣೆಯಲ್ಲಿ ಬದಲಿಸಿ, ಕಾವಲುಗಾರ ಬೀಗ ತೆಗೆಯುವ ಮೊದಲೇ ಗೇಟಿನಲ್ಲಿರುತ್ತಿದ್ದೆ. ಭಾನುವಾರವೂ ಹೋದೆ. ಹತ್ತಕ್ಕೊಂದರಂತೆ ಮೂರನೆಯ ಹಾಡು ಹಚ್ಚಿ ಕೇಳಿದೆ. ಆ ಹಾಡಿನ ಮರಾಠಿ ಮಾತುಗಳೆಲ್ಲ ನನಗೆ ಬಾಯಿಪಾಠವಾದವು. ಊಟಕ್ಕೆ ಕೂತಲ್ಲಿ ಗುನುಗಿದರೆ ಮಗಳು ಕೈಮುಗಿದು ಬೇಡ ಬಾಬಾ ಅನ್ನುತ್ತಿದ್ದಳು. ಹಬ್ಬಕ್ಕೆ ಮೂರು ದಿನ ಇರುವಾಗ ಕೊನೆಯ ಪೆಟ್ಟಿಗೆ ಟೆಂಪೋ ಹತ್ತಿತು.

ಆ ನಸುಕಿನಲ್ಲಿ ಹೆಂಡತಿ, ಮಗಳ ಜೊತೆ ನಾನೂ ಕೆರೆಯ ದಂಡೆಯಲ್ಲಿ ನಿಂತಿದ್ದೆ. ಪೈಠಣಿ ಸೀರೆಗಳು, ಕುರ್ತಾಗಳು, ಅಭ್ಯಂಗಕ್ಕೆ ಹಚ್ಚಿದ ಉಟಣೆ ಪುಡಿಯ ವಾಸನೆ. ನೀರಿನ ಮೇಲೆ ಆಕಾಶಕಂದೀಲಿನ ಬಣ್ಣ. ಅವಳು ಒಂದು, ಎರಡು ಹಾಡಿದಳು. ಮೂರನೆಯದು ಶುರುವಾಯಿತು. ವಾದ್ಯ ನಿಂತಿತು. ಅಷ್ಟು ಜನ ಇದ್ದರೂ ಒಬ್ಬರೂ ಉಸಿರೆತ್ತಲಿಲ್ಲ. ಮೈಕಿನ ಮುಂದೆ ನಿಂತು ಹಾಡುವಾಗ ಟಕ್ ಎಲ್ಲಿಂದ ಬರಬೇಕು, ಆದರೂ ನಾನು ಕಿವಿಗೊಟ್ಟು ಕಾದೆ. ಅವಳ ದನಿ ಎದ್ದಾಗ ಹೆಂಡತಿ ನನ್ನ ಮೊಣಕೈ ಹಿಡಿದಳು. "ಇಲ್ಲೇ ಏನ್ರಿ ಅದು?" ಎಂದಳು. ಇಲ್ಲೇ ಎಂದೆ.

ಕಾರ್ಯಕ್ರಮ ಮುಗಿಯುತ್ತಲೇ ಮೇಜಿಗೆ ಜನ ಮುತ್ತಿದರು. ತಟ್ಟೆ ಕೊಂಡ ಒಬ್ಬ ಹುಡುಗ ಹಚ್ಚುವ ಮಿಷನ್ನೇ ತನ್ನ ಮನೆಯಲ್ಲಿಲ್ಲ ಎಂದು ಸ್ನೇಹಿತರೊಡನೆ ನಗುತ್ತಿದ್ದ. ನನ್ನ ಮಗಳು, ಮನೆಯಲ್ಲಿ ಮೂರು ಮಾತಿಗೆ ಒಂದು ಉತ್ತರ ಕೊಡುವವಳು, ಅವನ ಕೈಯ ತಟ್ಟೆಗೆ ಬೆರಳು ತೋರಿಸಿ, "ಹೇ ಮಾಝ್ಯಾ ಬಾಬಾಂನೀ ಬನವಲಂಯ," ಎಂದಳು. ಇದನ್ನು ಮಾಡಿದ್ದು ನನ್ನಪ್ಪ. ಆ ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೈಕುಲುಕಿದ. ಬಿಸಿಲು ಏರುವ ಮೊದಲೇ ಮೇಜು ಖಾಲಿಯಾಗಿತ್ತು, ಬರೇ ಬಿಳಿ ಬಟ್ಟೆ.

ಆಲ್ಬಮ್ಮಿಗೆ ಎಲ್ಲ ಕಡೆ ಹೂಮಳೆಯೇನೂ ಆಗಲಿಲ್ಲ. ಹಾಡುಗಳು ಬಹಳ ನಿಧಾನ ಎಂದು ಒಂದು ಪತ್ರಿಕೆ ಬರೆಯಿತು. ಮೊಬೈಲಿನಲ್ಲಿ ಮೊದಮೊದಲು ಹೆಚ್ಚು ಓಡಲಿಲ್ಲ ಎಂದು ಮಗಳು ದಿನಾ ನೋಡಿ ವರದಿ ಕೊಡುತ್ತಿದ್ದಳು, ತನ್ನದೇ ಪರೀಕ್ಷೆಯ ಫಲಿತಾಂಶದಂತೆ. ತಿಂಗಳೆರಡು ಕಳೆದ ಮೇಲೆ ಯಾರೋ ಆ ಮೂರನೆಯ ಹಾಡಿನ ಖಾಲಿ ಜಾಗವನ್ನೇ ಹಿಡಿದು ಸಣ್ಣ ವಿಡಿಯೋ ಮಾಡಿದರು. ಆ ಸುಮ್ಮನಿರುವಲ್ಲಿ ಒಬ್ಬರನ್ನೊಬ್ಬರು ನೋಡುವುದು, ದನಿ ಎದ್ದಾಗ ನಗುವುದು. ಅದು ಹಬ್ಬಿತು. ಒಂದು ಸಂಜೆ ಕಲ್ಯಾಣ ಗಾಡಿಯಲ್ಲಿ ಪಕ್ಕದವನ ಮೊಬೈಲಿನಿಂದ ಅದು ಕೇಳಿಬಂತು. ಅವನಿಗೆ ಏನಾದರೂ ಹೇಳಬೇಕೆನ್ನಿಸಿತು, ಹೇಳಿದೆ ಕೂಡ. ಅವನು ನಂಬಲಿಲ್ಲ. ಆ ಹುಡುಗಿ ಮತ್ತೆ ಬಂದಳು, ಈ ಸಲ ಎರಡು ಸಾವಿರ ತಟ್ಟೆ ಬೇಕೆಂದು. ಬೇರೆ ಹಾಡುಗಾರರನ್ನೂ ಕರೆತಂದಳು. ಮಾಲೀಕರ ಬಾಯಲ್ಲಿ ಗುಜರಿಯ ಮಾತು ಮತ್ತೆ ಬಂದಿಲ್ಲ.

ಈ ವರ್ಷದ ಖಂಡೇನವಮಿಗೆ ಎಲ್ಲರೂ ಪ್ರೆಸ್ಸಿನ ಸುತ್ತ ನಿಂತರು. ಪೂಜೆಯ ತಾಟು ಹಿಡಿದು ಮಾಲೀಕರು ನನ್ನ ಮುಖ ನೋಡಿದರು. ನಾನು ಮೊದಲು ಅಚ್ಚಿನ ಬಾಯಿ ಮುಚ್ಚಿದೆ. ಒಮ್ಮೆ ಬೆರಳಾಡಿಸಿ ಸಂದಿಯಿಲ್ಲವೆಂದು ನೋಡಿಕೊಂಡೆ. ಆಮೇಲೆ ಹೊರಗಿನ ಕಂಬಕ್ಕೆ ಕುಂಕುಮ ಹಚ್ಚಿ, ಅಕ್ಷತೆಯ ಬದಲು ಒಂದು ಚೆಂಡುಹೂ ಇಟ್ಟೆ.

"ಇವತ್ತು ಅದಕ್ಕೆ ಊಟಕ್ಕೆ ಎಂತ ಹಾಕುದು?" ಎಂದರು ಮಾಲೀಕರು, ಎಲ್ಲರಿಗೂ ಕೇಳುವಂತೆ.

"ಇವತ್ತು ಉಪವಾಸರೀ ಅದರದು," ಎಂದೆ. "ನವರಾತ್ರಿ ಅಲ್ಲೇನು."